ಬೆಳ್ಳಿಹಬ್ಬ, ಭಾಗ ಎರಡು

ಎಲ್ಲದಕ್ಕೂ ಮೂಲ ಅತ್ತೆಯವರ ಸೊಂಟ. ಅದು ಮುರಿಯದೇ ಇದ್ದಿದ್ದರೆ ಗ್ರಂಥಪಾಲಕರು ಆ ಶನಿವಾರವೂ ಎಂದಿನಂತೆ ಗ್ರಂಥಾಲಯಕ್ಕೆ ಹೋಗಿ, ಓದುಗರು ಅಲ್ಲಿಂದ ತೆಗೆದು ಇಲ್ಲಿಟ್ಟ ಪುಸ್ತಕಗಳನ್ನು ಇಲ್ಲಿಂದ ತೆಗೆದು ಅಲ್ಲಿಟ್ಟು, ನೆಮ್ಮದಿಯಾಗಿ ಮನೆಗೆ ಬರುತ್ತಿದ್ದರು.

ಅತ್ತೆ ಅಂದರೆ ಹೆಂಡತಿಯ ತಾಯಿ. ಮಾವ ಇದ್ದಾಗಿನಿಂದಲೂ ಅತ್ತೆ ಮಾವ ಇಬ್ಬರೂ ಗ್ರಂಥಪಾಲಕರ ಮನೆಯ ಮಹಡಿಯ ಕೋಣೆಯಲ್ಲೇ ಇದ್ದರು. ಮಾವ ತೀರಿಕೊಂಡ ಮೇಲೆ ಅಲ್ಲಿ ಉಳಿದದ್ದು ಅತ್ತೆ, ಒಂದು ಹಳೆಯ ಟಿವಿ ಮತ್ತು ಒಂದು ಡಿಸ್ಕ್ ಪ್ಲೇಯರು. ಪ್ಲೇಯರಿನ ಬಾಯಿ ತಾನಾಗಿ ತೆರೆಯುತ್ತಿರಲಿಲ್ಲ, ಚಮಚದ ಹಿಡಿಯಿಂದ ಮೀಟಬೇಕಿತ್ತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಚಮಚ ಹಿಡಿದು ಮಹಡಿ ಹತ್ತುವರು. ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ತಮ್ಮ ಮದುವೆಯ ಬೆಳ್ಳಿಹಬ್ಬದ ಡಿಸ್ಕು ಹಾಕಿಕೊಂಡು ಕೂರುವರು. ‘ಅವರ ದನಿ ನನಗೊಬ್ಬಳಿಗೇ ಇರ್ಲಿ ಕಣೇ’ ಎಂದು ಮಗಳಿಗೆ ಹೇಳಿದ್ದರಂತೆ.

ಆ ಒಂದು ಗಂಟೆ ಮನೆಯಲ್ಲಿ ಯಾರೂ ಜೋರಾಗಿ ಸೀನುವಂತಿರಲಿಲ್ಲ. “ಶ್! ಅಮ್ಮ ಅಪ್ಪನ ಜೊತೆ ಇದ್ದಾಳೆ” ಎಂದು ಹೆಂಡತಿ ತುಟಿಗೆ ಬೆರಳಿಡುತ್ತಿದ್ದಳು. ಗ್ರಂಥಪಾಲಕರಿಗೆ ಮೌನ ಹೊಸದೇನಲ್ಲ. ರಜೆಯ ದಿನ ಅವರೂ ತುದಿಗಾಲಲ್ಲಿ ಓಡಾಡುತ್ತಿದ್ದರು. ಗಂಟೆ ಕಳೆದು ಬಾಗಿಲು ತೆರೆದಾಗ ಅತ್ತೆಯ ಮುಖ ಕೆಂಪಾಗಿರುತ್ತಿತ್ತು, ಕಣ್ಣು ಒದ್ದೆಯಾಗಿರುತ್ತಿತ್ತು, ಹಣೆಯ ಮೇಲೆ ಬೆವರಿರುತ್ತಿತ್ತು. ನೋಡಿದವರ ಕರುಳು ಚುರುಕ್ ಅನ್ನಬೇಕು.

ಹೀಗೆ ಅಪ್ಪನ ಜೊತೆ ಇದ್ದಾಗಲೇ ಒಂದು ಮಧ್ಯಾಹ್ನ ಮಹಡಿಯಲ್ಲಿ ದಡ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಅತ್ತೆ ಮಂಚದಿಂದ ಮೂರು ಮಾರು ಆಚೆ ಬಿದ್ದಿದ್ದರು, ವೈರು ಕಿತ್ತು ಟಿವಿ ಆರಿಹೋಗಿತ್ತು. “ದುಃಖ ತಡೀಲಾರದೆ ತಲೆ ಸುತ್ತಿರಬೇಕು” ಎಂದು ಹೆಂಡತಿ ಗೋಳೋ ಎಂದು ಅತ್ತಳು. ಪಕ್ಕದ ಮನೆಗೆ ಹೋದ ವರ್ಷ ಬಂದ ನಿವೃತ್ತ ನರ್ಸಮ್ಮ ಓಡಿಬಂದು ಅತ್ತೆಯನ್ನು ಆಸ್ಪತ್ರೆಗೆ ಸಾಗಿಸಿ, ಕೋಣೆಯನ್ನೂ ಚೊಕ್ಕಟ ಮಾಡಿ ಹೋದರು.

ಆಸ್ಪತ್ರೆಯಲ್ಲಿ ಷಡ್ಡಕ ಪ್ರತ್ಯಕ್ಷನಾದ. ಹೆಂಡತಿಯ ತಂಗಿಯ ಗಂಡ. ಎಲ್ಲದರಲ್ಲೂ ಒಂದು ಕೈ ಮೇಲು ಎಂದು ತೋರಿಸದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. “ಅತ್ತೆ ಇನ್ಮೇಲೆ ನಮ್ಮನೇಲೇ ಇರ್ಲಿ. ಮೂರು ತಿಂಗಳು ಮಂಚ ಇಳಿಯೋ ಹಾಗಿಲ್ಲ ಅಂದಿದ್ದಾರೆ ಡಾಕ್ಟ್ರು. ಮಲಗಿದಲ್ಲೇ ಮಾವನ್ನ ನೋಡೋಕೆ ನಮ್ಮನೇಲಿ ಗೋಡೆಯಷ್ಟಗಲ ಟಿವಿ ಇದೆ. ಅಣ್ಣನ ಮನೇಲಿ ಏನಿದೆ? ಚಮಚ ಇದೆ” ಎಂದ, ಗ್ರಂಥಪಾಲಕರ ಕಡೆ ಕಣ್ಣು ಹಾಯಿಸಿ.

ಸಾಧು ಮನುಷ್ಯನಿಗೂ ಒಮ್ಮೊಮ್ಮೆ ರೋಷ ಬರುತ್ತದೆ, ಬಂದಾಗ ಬಾಯಿ ಜಾರುತ್ತದೆ. “ಚಮಚದ ಕಾಲ ಮುಗೀತು” ಎಂದುಬಿಟ್ಟರು ಗ್ರಂಥಪಾಲಕರು. “ಮನೇಲಿರೋ ಅಷ್ಟೂ ಡಿಸ್ಕನ್ನ ಒಂದು ಪೆಟ್ಟಿಗೆಗೆ ತುಂಬಿಸ್ತೀನಿ. ಹಾಲಲ್ಲಿ, ಅಡುಗೆಮನೇಲಿ, ಕೆಳಗಿನ ಕೋಣೇಲಿ, ಯಾವ ಟಿವಿ ಮುಂದೆ ಕೂತರೂ ಒಂದು ಗುಂಡಿ ಒತ್ತಿದರೆ ಸಾಕು. ಶನಿವಾರ ಸಾಯಂಕಾಲ ಅತ್ತೆ ಮನೆಗೆ ಬರೋ ಹೊತ್ತಿಗೆ ಮಾವ ಮಾತಾಡ್ತಿರ್ತಾರೆ!”

ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು: “ನೋಡಿ, ಅಮ್ಮನ್ನ ಕಳಿಸಿಕೊಟ್ಟು ನನಗೆ ಇರೋಕಾಗಲ್ಲ. ಶನಿವಾರ ಅಪ್ಪ ಮಾತಾಡಲಿಲ್ಲ ಅಂದ್ರೆ ಅಮ್ಮ ಅಲ್ಲಿಗೆ ಹೋಗ್ತಾಳೆ. ಅವಳ ಹಿಂದೆ ನಾನೂ ಹೋಗ್ತೀನಿ. ನಿಮಗೆ ನಿಮ್ಮ ಪೆಟ್ಟಿಗೆ ಇದ್ದೇ ಇರುತ್ತೆ.”

ಪೆಟ್ಟಿಗೆ ಬಂತು, ಡಿಸ್ಕುಗಳ ನಕಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಯ ಟಿವಿಗಳಿಗೆಲ್ಲ ಕಳಿಸುವ ಯಂತ್ರ. ವಾರವಿಡೀ ಗ್ರಂಥಪಾಲಕರು ಸಂಜೆ ಬಂದು ಮಹಡಿಯ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದೇ ಡಿಸ್ಕು ಉಣಿಸಿದರು. ಆಗ ಗೊತ್ತಾದದ್ದು, ಊರಿಗೆಲ್ಲ ಶಿಸ್ತು ಕಲಿಸುವ ತಮ್ಮ ಮನೆಯಲ್ಲೇ ಒಂದು ಡಿಸ್ಕೂ ತನ್ನ ಸ್ವಂತ ಡಬ್ಬಿಯಲ್ಲಿ ಇರಲಿಲ್ಲ ಎಂದು. ಅಡುಗೆ ಕಲಿಸುವ ಡಬ್ಬಿಯಲ್ಲಿ ಭೂತದ ಸಿನಿಮಾ ಇತ್ತು. ಭೂತದ ಡಬ್ಬಿಯಲ್ಲಿ ಮಕ್ಕಳ ಲಾಲಿ. ಲಾಲಿಯ ಡಬ್ಬಿಯಲ್ಲಿ, ತಮ್ಮದೇ ಗ್ರಂಥಾಲಯದ ವಾರ್ಷಿಕೋತ್ಸವ! ಇಷ್ಟು ವರ್ಷ ಮನೆಮಂದಿ ಮುಗಿದ ಡಿಸ್ಕನ್ನು ಕೈಗೆ ಸಿಕ್ಕ ಡಬ್ಬಿಗೆ ತುರುಕಿ ಎದ್ದುಹೋಗಿದ್ದರು. ಗ್ರಂಥಪಾಲಕರು ಪ್ರತಿಯೊಂದನ್ನೂ ಹಾಕಿ ನೋಡಿ, ಒಳಗಿರುವುದರ ಸರಿಯಾದ ಹೆಸರನ್ನೇ ಬರೆದು ಪೆಟ್ಟಿಗೆಗೆ ಏರಿಸಿದರು. ತಪ್ಪು ಹೆಸರಿಟ್ಟ ವಸ್ತು ಕಳೆದುಹೋದ ವಸ್ತುವಿಗೆ ಸಮ ಎಂಬುದು ಅವರ ಜೀವನದ ಏಕೈಕ ತತ್ವ.

ಶನಿವಾರಕ್ಕೆ ಉಳಿದದ್ದು ಅದೊಂದೇ. ರಜೆ ಹಾಕಿ, ಸ್ನಾನ ಮಾಡಿ, ಅತ್ತೆಯ ಕೋಣೆಯಿಂದ ‘ಬೆಳ್ಳಿಹಬ್ಬ’ ಎಂದು ಬರೆದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಒಳಗೆ ಏನೂ ಬರೆಯದ ಬೋಳು ಡಿಸ್ಕು. ಹಾಕಿದರು. ಪರದೆಯ ಮೇಲೆ ಚಡ್ಡಿ ತೊಟ್ಟ ಇಬ್ಬರು ದಢೂತಿ ಗಂಡಸರು ಒಬ್ಬರ ಕತ್ತನ್ನೊಬ್ಬರು ಹಿಡಿದು ತಿರುಚುತ್ತಿದ್ದರು.

ಬೆಳ್ಳಿಹಬ್ಬಕ್ಕೆ ಬಂದವರ ಮನರಂಜನೆಗೆ ಏರ್ಪಡಿಸಿದ್ದಿರಬೇಕೆಂದು ಗ್ರಂಥಪಾಲಕರು ಸ್ವಲ್ಪ ಹೊತ್ತು ಕಾದರು. ನೀಲಿ ಚಡ್ಡಿಯವನು ಕೆಂಪು ಚಡ್ಡಿಯವನನ್ನು ಎತ್ತಿ ಒಗೆದ. ಜನ ಹೋ ಎಂದರು. ಮಾವ ಬರಲಿಲ್ಲ. ಹೌದಲ್ಲ, ಆ ದಿನ ಕೋಣೆ ಚೊಕ್ಕಟ ಮಾಡಿದ್ದು ನರ್ಸಮ್ಮ! ಯಾವ ಡಿಸ್ಕನ್ನು ಯಾವ ಡಬ್ಬಿಗೆ ತುಂಬಿದರೋ!

ಅಷ್ಟರಲ್ಲಿ ಬಾಗಿಲಲ್ಲಿ ಒಂದು ತಲೆ ಮೂಡಿತು. ಎದುರು ಮನೆಯ ಫ್ರಿಜ್ ರಿಪೇರಿಯವನು. ಕರೆಯದೆ ಬರುವುದು, ಕೇಳದೆ ಹೇಳುವುದು ಅವನ ಹುಟ್ಟುಗುಣ.

“ಸಾರ್! ಇದು ನನ್ನ ಡಿಸ್ಕು!” ಅವನ ಕಣ್ಣಲ್ಲಿ ನೀರಾಡಿತು. “ಆ ಹೋ ಅನ್ನೋ ಸದ್ದು ಕೇಳಿದ ತಕ್ಷಣ ಗೊತ್ತಾಯ್ತು. ನಿಮ್ಮ ಮಾವ ಇಸ್ಕೊಂಡಿದ್ರು. ಅವರು ಹೋಗ್ಬಿಟ್ರು. ಸಾವಾದ ಮನೆಗೆ ಬಂದು ‘ನನ್ನ ಕುಸ್ತಿ ವಾಪಸ್ ಕೊಡಿ’ ಅಂತ ಯಾವ ಬಾಯಲ್ಲಿ ಕೇಳ್ಲಿ?”

ಗ್ರಂಥಪಾಲಕರ ಕಿವಿ ಕೆಂಪಾಯಿತು. ಎರವಲು ತಂದ ವಸ್ತು, ಅದೂ ತಮ್ಮ ಮನೆಯಲ್ಲಿ, ವರ್ಷಗಟ್ಟಲೆ ಹಿಂತಿರುಗದೆ ಕೂತಿತ್ತಲ್ಲ! ಕ್ಷಮೆ ಕೇಳಿ, ಡಿಸ್ಕು ತೆಗೆದು, ಕನ್ನಡಕ ಒರೆಸುವ ಬಟ್ಟೆಯಲ್ಲಿ ಒರೆಸಿ ಅವನ ಕೈಗಿತ್ತರು. ಎದೆಯ ಭಾರ ಇಳಿದಂತಾಯಿತು. “ಮಾವನವರದ್ದು ಎಲ್ಲಿ ಹೋಯ್ತೋ ಈಗ” ಎಂದು ತಲೆ ಹಿಡಿದುಕೊಂಡರು.

“ಹುಡುಕೋಣ ಬಿಡಿ ಸಾರ್. ಡಿಸ್ಕಿಗೇನು ಕಾಲು ಬರುತ್ತಾ?” ಎಂದು ಫ್ರಿಜ್ಜಿನವನು ಹೆಗಲು ಕೊಟ್ಟ. ಇಬ್ಬರೂ ಕಪಾಟು ಕವುಚಿದರು, ಹಾಸಿಗೆ ಕೊಡವಿದರು, ಮಂಚದ ಕೆಳಗೆ ತೆವಳಿದರು. ಮಂಚದ ಕೆಳಗಿನಿಂದ ತಲೆ ಎತ್ತುವಾಗ ಗ್ರಂಥಪಾಲಕರ ಕಣ್ಣಿಗೆ ಝಗ್ಗೆಂದು ಬೆಳಕು ಹೊಡೆಯಿತು. ಕಿಟಕಿಯಾಚೆ, ನರ್ಸಮ್ಮನ ಬಾಲ್ಕನಿಯಲ್ಲಿ, ಪಾರಿವಾಳ ಬೆದರಿಸಲು ದಾರ ಕಟ್ಟಿ ತೂಗಬಿಟ್ಟ ಒಂದು ಡಿಸ್ಕು ಬಿಸಿಲಿಗೆ ಗಿರಗಿರ ತಿರುಗುತ್ತಿತ್ತು.

“ಅದಾ?” ಎಂದರು ನರ್ಸಮ್ಮ ಬಾಗಿಲು ತೆರೆದು. “ನಿಮ್ಮತ್ತೆ ಬಿದ್ದ ದಿನ ಮಂಡಿ ವ್ಯಾಯಾಮದ ಡಬ್ಬಿ ಕಾಣಿಸ್ತು, ನೋಡಿ ಕೊಟ್ಟರಾಯ್ತು ಅಂತ ತಂದೆ. ಮನೇಲಿ ಹಾಕಿದ್ರೆ ಯಾರೋ ಯಜಮಾನರು ಭಾಷಣ ಮಾಡ್ತಿದ್ದಾರೆ. ಈಗ ಮಂಡಿ ವಿಷಯ ಬರುತ್ತೆ, ಆಗ ಬರುತ್ತೆ ಅಂತ ಒಂದು ಗಂಟೆ ಕಾದೆ. ಬರ್ಲೇ ಇಲ್ಲ. ಪಾರಿವಾಳಕ್ಕಾದ್ರೂ ಆಗ್ಲಿ ಅಂತ ಕಟ್ಟಿದೆ. ಅದು ಬಂದ ಮೇಲೆ ಒಂದು ಪಾರಿವಾಳನೂ ಸುಳೀಲಿಲ್ಲ ನೋಡಿ.”

“ಅವರು ನಮ್ಮ ಮಾವ” ಎಂದರು ಗ್ರಂಥಪಾಲಕರು ಕುಗ್ಗಿದ ದನಿಯಲ್ಲಿ.

ಬದಲಿಗೆ ಬೇರೆ ಮೂರು ಡಿಸ್ಕು ಕಟ್ಟಿಕೊಡುವುದೆಂದು ಒಪ್ಪಂದವಾಯಿತು. ಗಂಟು ಬಾಲ್ಕನಿಯ ಹೊರಗಿನ ಸರಳಿಗೆ ಇತ್ತು. ಗ್ರಂಥಪಾಲಕರು ಸ್ಟೂಲು ಹತ್ತಿ, ಅರ್ಧ ಮೈ ಹೊರಗೆ ಚಾಚಿದರು. ಸ್ಟೂಲಿನ ಒಂದು ಕಾಲು ಗಿಡ್ಡ. ಫ್ರಿಜ್ಜಿನವನು ಅವರ ಪ್ಯಾಂಟಿನ ಬೆಲ್ಟು ಹಿಡಿದುಕೊಂಡ.

“ಬೀಳೋದಾದ್ರೆ ಎಡಗಡೆಗೆ ಬೀಳಿ” ಎಂದು ನರ್ಸಮ್ಮ ಹಿಂದಿನಿಂದ ಸೂಚನೆ ಕೊಟ್ಟರು. “ನಿಮ್ಮತ್ತೇದು ಬಲಗಡೆ ಸೊಂಟ, ಕೂಡೋಕೆ ಮೂರು ತಿಂಗಳು ಬೇಕಂತೆ.”

“ನೀವು ಸುಮ್ನಿರ್ತೀರಾ ಒಂಚೂರು?”

“ಅನುಭವದ ಮಾತು ಹೇಳಿದೆ. ನನಗೇನು?”

ಸ್ಟೂಲು ಓಲಾಡಿತು, ಬೆಲ್ಟು ಕಿತ್ತುಹೋಯಿತು, ಗಂಟು ಬಿಚ್ಚಿಕೊಂಡಿತು, ಮೂರೂ ಒಟ್ಟಿಗೆ. ಗ್ರಂಥಪಾಲಕರು ಒಳಗಡೆಗೇ ಬಿದ್ದದ್ದು ಅವರ ಪುಣ್ಯ. ಬಿದ್ದದ್ದು ಬಲಗಡೆಗೇ ಆದರೂ ಕೆಳಗೆ ಫ್ರಿಜ್ಜಿನವನಿದ್ದ.

ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಮಾವ. ಹಾಗೆ ಮನೆಗೆ ಬಂದರು. ಡಿಸ್ಕಿನ ಒಂದು ಬದಿ ಪೂರ್ತಿ ಗೀರು, ಇನ್ನೊಂದು ಬದಿಯಲ್ಲಿ ಬೆದರದ ಯಾವುದೋ ಒಂದು ಪಾರಿವಾಳದ ಸಹಿ. ಕಂಪ್ಯೂಟರು ಅದನ್ನು ನುಂಗಿ, ಗುರ್ ಎಂದು, ಉಗುಳಿತು. ಫ್ರಿಜ್ಜಿನವನು ಬಚ್ಚಲಿನಿಂದ ಟೂತ್‌ಪೇಸ್ಟು ತಂದು ಡಿಸ್ಕಿಗೆ ಹಚ್ಚಿ ಹಲ್ಲುಜ್ಜಿದಂತೆ ಉಜ್ಜಿದ. ಮತ್ತೆ ಹಾಕಿದರು. ಮಾವ ಕಾಣಿಸಿಕೊಂಡು “ಎಲ್ಲರಿಗೂ ನಮ” ಎಂದು ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಮತ್ತೆ ತೆಗೆದು ಉಜ್ಜಿದರು. ಈ ಸಲ “ಸ್ಕಾರ” ಬಂತು.

ಹಾಗೂ ಹೀಗೂ ಮಧ್ಯಾಹ್ನವೆಲ್ಲ ಉಜ್ಜಿ, ಊದಿ, ಬೈದು, ಬೇಡಿಕೊಂಡು ಮಾವನನ್ನು ತುಂಡು ತುಂಡಾಗಿ ಹೊರತೆಗೆದರು. ಫ್ರಿಜ್ಜಿನವನು ಊಟವನ್ನೂ ಮರೆತು ಬಿಸಿಯಾದ ಯಂತ್ರಕ್ಕೆ ಬೀಸಣಿಗೆ ಬೀಸಿದ. “ಹೊರಟಿದ್ದೀವಿ” ಎಂದು ಹೆಂಡತಿಯ ಫೋನು ಬರುವುದಕ್ಕೂ ಕೊನೆಯ ತುಂಡು ಪೆಟ್ಟಿಗೆ ಸೇರುವುದಕ್ಕೂ ಸರಿಹೋಯಿತು. ಗ್ರಂಥಪಾಲಕರು ‘ಬೆಳ್ಳಿಹಬ್ಬ’ ಎಂದು ಶುದ್ಧವಾಗಿ ಹೆಸರು ಬರೆದರು. ಆ ಹೊತ್ತಿಗೆ ಅವರಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ಕಾರು ಬಂತು. ಷಡ್ಡಕನೇ ಓಡಿಸಿಕೊಂಡು ಬಂದಿದ್ದ, ಅತ್ತೆಯ ಬಟ್ಟೆಯ ಚೀಲವನ್ನು ಇಳಿಸದೆ ಕಾರಿನಲ್ಲೇ ಬಿಟ್ಟಿದ್ದ. ಅತ್ತೆಯನ್ನು ಕೆಳಗಿನ ಕೋಣೆಯ ಮಂಚದ ಮೇಲೆ ಮಲಗಿಸಿದರು. ಎಲ್ಲರೂ ಸುತ್ತ ನಿಂತರು. ಗ್ರಂಥಪಾಲಕರು ಗುಂಡಿ ಒತ್ತಿದರು.

“ಎಲ್ಲರಿಗೂ ನಮಸ್ಕಾರ. ನಾನು ಹೆಚ್ಚು ಮಾತಾಡೋದಿಲ್ಲ” ಎಂದರು ಮಾವ. ಕೋಣೆಯಲ್ಲಿ ಎಂದರು, ಹಾಲಿನಲ್ಲಿ ಎಂದರು, ಅಡುಗೆಮನೆಯಲ್ಲೂ ಎಂದರು. ಆಮೇಲೆ ಒಂದು ಗಂಟೆ ಮಾತಾಡಿದರು. ದಾಂಪತ್ಯ, ತಾಳ್ಮೆ, ಮಿತವ್ಯಯ, ಬೇಗ ಏಳುವುದರಿಂದ ಆಗುವ ಪ್ರಯೋಜನಗಳು. ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು. ಷಡ್ಡಕ ಇಂಗು ತಿಂದ ಮಂಗನಂತೆ ನಿಂತಿದ್ದ. ಅತ್ತೆ ಮಾತ್ರ, ಹತ್ತಿದ ಮೇಲೆ ಇದು ಬೇರೆ ಬಸ್ಸು ಅಂತ ಗೊತ್ತಾದವರ ಹಾಗೆ ಪರದೆಯನ್ನೇ ನೋಡುತ್ತಿದ್ದರು. ಕೊನೆಗೆ ಕಣ್ಣು ಮುಚ್ಚಿಕೊಂಡರು.

“ಪಾಪ, ಅಮ್ಮನಿಗೆ ತಡೀಲಿಕ್ಕಾಗ್ತಿಲ್ಲ” ಎಂದಳು ಹೆಂಡತಿ ಮೂಗೊರೆಸುತ್ತ. “ಇನ್ಮೇಲೆ ನೀನೊಬ್ಬಳೇ ಅಳೋದು ಬೇಡಮ್ಮ. ದಿನಾ ಮಧ್ಯಾಹ್ನ ಎಲ್ಲಾ ಟಿವೀಲೂ ಹಾಕ್ತೀನಿ. ಎಲ್ಲರೂ ಜೊತೇಲಿ ಕೂತು ನೋಡೋಣ.”

ಅತ್ತೆ ಕಣ್ಣು ಬಿಟ್ಟರು. “ಪೂರ್ತೀನಾ?”

“ಪೂರ್ತಿ.”

“ದಿನಾನಾ?”

“ಒಂದು ದಿನವೂ ತಪ್ಪಿಸಲ್ಲಮ್ಮ.”

ಅತ್ತೆ ಒಂದು ನಿಟ್ಟುಸಿರು ಬಿಟ್ಟು, “ನೀವೆಲ್ಲ ಟೀ ಕುಡೀರಿ ಹೋಗಿ. ಅಳಿಯಂದಿರ ಹತ್ರ ಎರಡು ಮಾತಾಡೋದಿದೆ” ಎಂದರು.

ಎಲ್ಲರೂ ಹೋದರು. ಅತ್ತೆಯ ಆಶೀರ್ವಾದ ನಿರೀಕ್ಷಿಸಿ ಗ್ರಂಥಪಾಲಕರು ಬಾಗಿ ನಿಂತರು. ಅತ್ತೆ ಅವರ ಅಂಗಿಯ ಕಾಲರು ಹಿಡಿದು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

“ಆ ಡಬ್ಬಿಯಲ್ಲಿದ್ದ ಡಿಸ್ಕು ಏನ್ಮಾಡಿದ್ರಿ?”

“ಯಾವುದು? ಆ ಕುಸ್ತೀದಾ? ಯಾರೋ ತಪ್ಪಿ ಇಟ್ಟಿದ್ರು ಅತ್ತೆ. ಎದುರು ಮನೆಯವನದ್ದಂತೆ, ವಾಪಸ್ ಕೊಟ್ಟೆ.”

“ಕೊಟ್ಬಿಟ್ರಾ!” ಅತ್ತೆ ಕಾಲರು ಬಿಟ್ಟು ಹಣೆ ಚಚ್ಚಿಕೊಂಡರು. “ಅಯ್ಯೋ ನನ್ನ ಕರ್ಮವೇ. ತಪ್ಪಿ ಅಲ್ಲ, ಆ ಡಬ್ಬೀಲಿ ಅದನ್ನ ಇಡ್ತಿದ್ದದ್ದು ನಾನೇ ಕಣ್ರೀ.”

“ನೀವಾ!” ಎಂದರು ಗ್ರಂಥಪಾಲಕರು.

“ನಿಮ್ಮ ಮಾವನ ಭಾಷಣಾನ ಅವರು ಇರೋತನಕ ಕೇಳಿದ್ದೀನಿ. ಸಾಲದಾ? ಆ ವಿಡಿಯೋದಲ್ಲಿ ಕೋಟು ಹಾಕ್ಕೊಂಡು ಉಪದೇಶ ಮಾಡ್ತಾರಲ್ಲ, ಅವರು ನನ್ನ ಗಂಡನೇ ಅಲ್ಲ, ಯಾರೋ ಹೆಡ್‌ಮಾಸ್ತರು. ನನ್ನ ಗಂಡ ಮಧ್ಯಾಹ್ನ ಮಂಚದ ಮೇಲೆ ನನ್ನ ಪಕ್ಕ ಕೂತು ಕುಸ್ತಿ ನೋಡ್ತಿದ್ರು. ಅವರದ್ದು ಕೆಂಪು ಚಡ್ಡಿ, ನನ್ನದು ನೀಲಿ. ಸೋತವರು ಸಂಜೆ ಟೀ ಮಾಡ್ಬೇಕು. ಯಾರು ಗೆಲ್ತಾರೆ ಅಂತ ಗೊತ್ತಿದ್ದೂ ಅವರು ದಿನಾ ಕೆಂಪಿಗೇ ನಿಲ್ತಿದ್ರು. ದಿನಾ ಅವರೇ ಟೀ ಮಾಡ್ತಿದ್ರು.” ಅತ್ತೆಯ ಕಣ್ಣು ತುಂಬಿ ಬಂತು. “ಅದನ್ನ ಹಾಕ್ಕೊಂಡ್ರೆ ಪಕ್ಕದಲ್ಲೇ ಕೂತ ಹಾಗಿರುತ್ತೆ.”

ಗ್ರಂಥಪಾಲಕರಿಗೆ ಆಮೇಲೆ ಏನೋ ಹೊಳೆಯಿತು. “ಹಾಗಾದ್ರೆ ಆ ದಿನ ನೀವು ಬಿದ್ದಿದ್ದು...”

“ನೀಲಿಯವನು ಎತ್ತಿ ಒಗೀತಾನಲ್ಲ, ಆಗ ನಾನೂ ಒಂಚೂರು ಎಗರಿದೆ” ಎಂದರು ಅತ್ತೆ ನಾಚಿಕೊಂಡು. ಮರುಕ್ಷಣ ದನಿ ಬಿಗಿಯಾಯಿತು. “ನಿಮ್ಮ ಹೆಂಡತಿಗೆ ಗೊತ್ತಾಗಬಾರದು. ಇಷ್ಟು ವರ್ಷ ಪಾಪ ತುದಿಗಾಲಲ್ಲಿ ಓಡಾಡಿದ್ದಾಳೆ. ನನಗೆ ನನ್ನ ಕುಸ್ತಿ ಬೇಕು. ಇಲ್ಲ ಅಂದ್ರೆ ಚೀಲ ಇನ್ನೂ ಕಾರಲ್ಲೇ ಇದೆ. ಅಲ್ಲಾದ್ರೆ ಈ ಭಾಷಣವಾದ್ರೂ ತಪ್ಪುತ್ತೆ.”

ಗ್ರಂಥಪಾಲಕರು ಹಿಂಬಾಗಿಲಿನಿಂದ ರಸ್ತೆ ದಾಟಿ ಓಡಿದರು. ಫ್ರಿಜ್ಜಿನವನು ಬಾಗಿಲು ಹಾಕಿಕೊಂಡು ಕುಸ್ತಿಯನ್ನೇ ನೋಡುತ್ತಿದ್ದ. ಬರಿ ಒಂದು ನಕಲು ಮಾಡಿಕೊಳ್ಳಲು ಬೇಡಿದರು. ಅವನು ತಲೆ ಕೆರೆದುಕೊಂಡ.

“ನಿಮಗಿಲ್ಲ ಅಂತೀನಾ ಸಾರ್? ಆದ್ರೆ ಒಂದು ಸಣ್ಣ ಉಪಕಾರ. ನಿಮ್ಮ ಪೆಟ್ಟಿಗೆ ನೋಡಿ ನನಗೂ ಆಸೆ ಆಗಿದೆ. ನಮ್ಮನೇಲೂ ಡಿಸ್ಕಿದೆ. ಜಾಸ್ತಿ ಏನಿಲ್ಲ, ಮೂರು ಟ್ರಂಕು. ಎಲ್ಲಾ ಸರಿಯಾಗಿ ಹೆಸರು ಬರೆದು ತುಂಬಿಸಿಕೊಡ್ಬೇಕು.”

ಅತ್ತ ದರಿ, ಇತ್ತ ಪುಲಿ. ಗ್ರಂಥಪಾಲಕರು ಒಪ್ಪಿದರು.

ಹಾಲಿನಲ್ಲಿ ಷಡ್ಡಕನಿಗೆ ಟೀ ಸಮಾರಾಧನೆ ನಡೆದಿರುವಾಗಲೇ ಮಹಡಿಯಲ್ಲಿ ಕುಸ್ತಿ ಪೆಟ್ಟಿಗೆ ಸೇರಿತು. ಇನ್ನು ಹೆಸರು. ಗ್ರಂಥಪಾಲಕರ ಬೆರಳು ಕೀಲಿಮಣೆಯ ಮೇಲೆ ನಿಂತಿತು. ‘ಕುಸ್ತಿ’ ಎಂದು ಬರೆದರೆ ಮನೆಯ ಪ್ರತಿ ಟಿವಿಯಲ್ಲೂ ಕುಸ್ತಿ ಎಂದೇ ಕಾಣುತ್ತದೆ. ಜೀವಮಾನದಲ್ಲಿ ಒಂದು ಪುಸ್ತಕಕ್ಕೂ ಸುಳ್ಳು ಚೀಟಿ ಅಂಟಿಸಿದವರಲ್ಲ. ಕಣ್ಣು ಮುಚ್ಚಿ, ಅತ್ತೆಯ ಒದ್ದೆ ಕಣ್ಣನ್ನು ನೆನೆದು, ‘ಬೆಳ್ಳಿಹಬ್ಬ, ಭಾಗ ಎರಡು’ ಎಂದು ಬರೆದರು. ಕೆಳಗಿಳಿದು ಅತ್ತೆಯ ಕೈಗೆ ಹೆಡ್‌ಫೋನು ಕೊಟ್ಟು ಕಿವಿಯಲ್ಲಿ ವಿಷಯ ಉಸುರಿದರು. ಅತ್ತೆ ಅವರ ಕೆನ್ನೆ ತಟ್ಟಿ, “ನೀವು ಅಳಿಯ ಅಲ್ಲ, ಮಗ” ಎಂದರು. ಮದುವೆಯಾದಂದಿನಿಂದ ಈ ಮಾತಿಗಾಗಿ ಕಾದಿದ್ದ ಗ್ರಂಥಪಾಲಕರಿಗೆ ದಿನದ ಆಯಾಸವೆಲ್ಲ ಇಳಿದುಹೋಯಿತು.

ಆಗ ಹಾಲಿನಿಂದ ಹೆಂಡತಿಯ ದನಿ ಕೇಳಿಸಿತು.

“ಅಯ್ಯೋ, ಇಲ್ನೋಡಿ! ಬೆಳ್ಳಿಹಬ್ಬದ್ದು ಎರಡನೇ ಭಾಗವೂ ಇದೆ! ಅಮ್ಮಾ, ನನಗೆ ಗೊತ್ತೇ ಇರ್ಲಿಲ್ಲ ಕಣೇ! ಇರು, ಎಲ್ಲಾ ಟಿವಿಗೂ ಹಾಕ್ತೀನಿ, ನಾವೂ ಅಲ್ಲಿಗೇ ಬರ್ತೀವಿ!”

“ಬೇಡ!” ಎಂದು ಗ್ರಂಥಪಾಲಕರು ಕೂಗುವಷ್ಟರಲ್ಲಿ ಹೋ ಎಂಬ ಅಬ್ಬರ ಮನೆಯ ಮೂರೂ ಮೂಲೆಗಳಿಂದ ಎದ್ದಿತು. ಹಾಲಿನಲ್ಲಿ ಕತ್ತು ತಿರುಚಿದರು, ಅಡುಗೆಮನೆಯಲ್ಲಿ ಕತ್ತು ತಿರುಚಿದರು, ಅತ್ತೆಯ ಕಾಲ ಬಳಿಯೂ ಕತ್ತು ತಿರುಚಿದರು. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಅವಳ ಹಿಂದೆ ಷಡ್ಡಕ. ಅವನ ಮುಖ ಆಗಲೇ ಅರಳತೊಡಗಿತ್ತು.

“ಏನ್ರೀ ಇದು? ನಮ್ಮಪ್ಪನ ಹೆಸರಲ್ಲಿ ಕುಸ್ತಿ ಬಚ್ಚಿಟ್ಟಿದ್ದೀರಾ? ಇದನ್ನ ನೋಡೋಕೇನಾ ಇವತ್ತು ರಜಾ ಹಾಕಿದ್ದು?”

ಗ್ರಂಥಪಾಲಕರು ಅತ್ತೆಯ ಕಡೆ ನೋಡಿದರು. ಅತ್ತೆ ಅಳಿಯನ ಕಡೆ ನೋಡಿದರು. ಒಂದು ಗಳಿಗೆ. ಆಮೇಲೆ ಅತ್ತೆ ಹೆಡ್‌ಫೋನನ್ನು ಮೆಲ್ಲಗೆ ಹೊದಿಕೆಯ ಕೆಳಗೆ ಸರಿಸಿದರು.

“ಹೋಗ್ಲಿ ಬಿಡೇ, ಬೈಬೇಡ” ಎಂದರು ಕರುಣೆ ತುಂಬಿದ ದನಿಯಲ್ಲಿ. “ಗಂಡಸರಿಗೆ ಏನೋ ಒಂದು ಚಟ ಇರುತ್ತೆ. ಕದ್ದು ನೋಡೋದು ಯಾಕೆ? ನನ್ನ ಕೋಣೇಲೇ ಕೂತು ರಾಜಾರೋಷವಾಗಿ ನೋಡ್ಲಿ. ನನಗೆ ಸೇರಲ್ಲ ನಿಜ. ಆದ್ರೂ ಮಗನ ಸಮಾನ ಅಳಿಯ, ಅವರಿಗೋಸ್ಕರ ನಾನೂ ಒಂದು ಗಂಟೆ ಸಹಿಸ್ಕೋತೀನಿ. ನಿಮ್ಮಪ್ಪನ್ನ ತಿಂಗಳಿಗೊಂದು ಸಲ ನೋಡಿದ್ರೆ ಸಾಕು. ಚೀಲ ಒಳಗೆ ತರ್ಸು, ನಾನೆಲ್ಲಿಗೂ ಹೋಗಲ್ಲ.”

“ನೋಡಿ, ನಮ್ಮಮ್ಮನ ಮನಸ್ಸು ಎಂಥದ್ದು!” ಎಂದಳು ಹೆಂಡತಿ ಕಣ್ಣೊರೆಸಿಕೊಂಡು. “ಪ್ರತಿ ಭಾನುವಾರ ಮಧ್ಯಾಹ್ನ ನೀವು ಎಲ್ಲಿಗೂ ಹೋಗೋ ಹಾಗಿಲ್ಲ. ಅಮ್ಮ ನಿಮಗೋಸ್ಕರ ಸಹಿಸ್ಕೊಂಡು ಕೂತಿರುವಾಗ ಪಕ್ಕದಲ್ಲಿ ನೀವಿರ್ಬೇಕು.”

“ಅಣ್ಣನಿಗೆ ಕುಸ್ತಿ!” ಎಂದು ಷಡ್ಡಕ ಹೊಟ್ಟೆ ಹಿಡಿದುಕೊಂಡು ಚೀಲ ತರಲು ಹೋದ. ನಾಳೆ ಬೆಳಗಾಗುವುದರೊಳಗೆ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟುವುದು ಖಂಡಿತ.

ಬೇರೆ ದಾರಿಯಿಲ್ಲದೆ ಗ್ರಂಥಪಾಲಕರು ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತರು. ಹುಟ್ಟಿದಾಗಿನಿಂದ ಕುಸ್ತಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅತ್ತೆ ದಿಂಬಿಗೆ ಒರಗಿ, ಪರದೆಯಿಂದ ಕಣ್ಣು ಕೀಳದೆ, ಪಿಸುಗುಟ್ಟಿದರು:

“ನೀವು ಕೆಂಪು ಚಡ್ಡಿ.”

ನೀಲಿ ಚಡ್ಡಿಯವನು ಎತ್ತಿ ಒಗೆದ. ಗ್ರಂಥಪಾಲಕರು ಎದ್ದು ಟೀ ಮಾಡಲು ಅಡುಗೆಮನೆಯ ಕಡೆ ನಡೆದರು. ಮುಂಬಾಗಿಲಲ್ಲಿ ಏನೋ ಭಾರವಾದದ್ದನ್ನು ಎಳೆದು ತಂದು ಇಳಿಸಿದ ಸದ್ದಾಯಿತು.

“ಸಾರ್” ಎಂದ ಫ್ರಿಜ್ಜಿನವನು ಬೆವರೊರೆಸಿಕೊಳ್ಳುತ್ತ, “ಮೊದಲನೇ ಟ್ರಂಕು ತಂದಿದ್ದೀನಿ.”